ಎದೆಗೆ ಹೋಗುವ ಕೈ

೧೯೦೯ನೇ ಇಸವಿ ನವಂಬರು ೮, ಸೋಮವಾರ. ದುರ್ಗ

ಬೆಳಗಿನ ಜಾವ ಕೆಟ್ಟ ಕನಸು. ಪಿಸ್ತೂಲು ನನ್ನ ಅಂಗಿಯೊಳಗೆ ಮುದುಕನ ಹಾಗೆ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಬಗ್ಗಿ ನೋಡಿಕೊಂಡರೆ ಎದೆಯಲ್ಲಿ ತೂತು. ತೂತಿನ ಆಚೆಗೆ ಹೊಳಲ್ಕೆರೆ ರಸ್ತೆ ಕಾಣುತ್ತಿದೆ, ಹತ್ತಿ ಗಾಡಿಗಳು ಸಾಲಾಗಿ ಹೋಗುತ್ತಿವೆ. ಒಬ್ಬನಾದರೂ ಗಾಡಿ ನಿಲ್ಲಿಸಿ ಏನಾಯಿತಪ್ಪ ಎಂದು ಕೇಳಬೇಡವೇ? ಎದ್ದು ಕೂತು ಎದೆ ಮುಟ್ಟಿಕೊಂಡೆ. ಲಿಂಗದ ಕರಡಿಗೆ ಇತ್ತು, ತೂತು ಇರಲಿಲ್ಲ. ಪಕ್ಕದಲ್ಲಿ ಶಿವಗಂಗಮ್ಮ ಗೊರಕೆ ಹೊಡೆಯುತ್ತಿದ್ದಳು. ಗಂಡನ ಎದೆಯಲ್ಲಿ ತೂತು ಬಿದ್ದರೂ ಈಕೆ ಏಳುವವಳಲ್ಲ. ಆರು ತಿಂಗಳ ಬಸುರಿಗೆ ನಿದ್ದೆ ಜಾಸ್ತಿಯಂತೆ. ಬಸುರಿಯಾಗುವ ಮುಂಚೆ ಯಾವ ಕಾರಣಕ್ಕೆ ಜಾಸ್ತಿ ಇತ್ತೋ ಕಾಣೆ.

ಪಿಸ್ತೂಲು ನನ್ನದಲ್ಲ. ಸಾಹುಕಾರ್ ಕಾಟಲಿಂಗಪ್ಪನವರದು. ಅವರ ಹತ್ತಿ ದುರ್ಗದಿಂದ ಹೊಳಲ್ಕೆರೆ ಮೇಲೆ ಚಿಕ್ಕಜಾಜೂರು ಸ್ಟೇಷನ್ನಿಗೆ ಗಾಡಿಯಲ್ಲಿ ಹೋಗುತ್ತದೆ, ಅಲ್ಲಿಂದ ರೈಲಿಗೆ. ಬರುವಾಗ ಹತ್ತಿಯ ಬದಲು ರೂಪಾಯಿ ಚೀಲ. ಗಾಡಿಯ ಜೊತೆ ಹೋಗಿ ಬರುವವನು ನಾನು. ಹಿರಿಯೂರು ಕಡೆ ಯಾರೋ ಒಂದು ಮನೆ ದರೋಡೆ ಮಾಡಿ ಬಂದೂಕು ಸಮೇತ ಓಡಿಹೋದರೆಂದು ಸುದ್ದಿ ಬಂದದ್ದೇ ಬಂದದ್ದು, ಸಾಹುಕಾರರು ಕಚೇರಿಗೆ ಅಲೆದು ಅಲೆದು ಪರವಾನಗಿ ತಂದರು. ಅದರಲ್ಲಿ ಅವರ ಹೆಸರಿನ ಕೆಳಗೆ ಆಳು ಮುರುಗಪ್ಪ ಎಂದು ನನ್ನ ಹೆಸರು. ಸರ್ಕಾರ ನನ್ನ ಹೆಸರು ಬರೆದದ್ದು ಇದೇ ಮೊದಲು, ಅದೂ ಆಳು ಅಂತ.

"ಮುರುಗಪ್ಪ, ಇದು ನಿನ್ ಮೈಮೇಲಿರ್ಲಿ. ಹೊರಗೆ ಕಾಣ್ಬಾರ್ದು ನೋಡು. ಕಂಡ್ರೆ ಕಳ್ಳ ಮೊದ್ಲು ಇದನ್ನೇ ಕಿತ್ಕಂತಾನೆ" ಎಂದರು.

"ಕಾಣದಿದ್ರೆ ಕಳ್ಳ ಹೆದರೋದು ಹೆಂಗ್ರಿ ಸಾಹುಕಾರ್ರೆ?"

"ಹತ್ರ ಬಂದಾಗ ತೋರ್ಸು."

"ತೋರ್ಸೋದ್ರೊಳಗೆ ಅವ್ನೇ ಏನಾರ ತೋರ್ಸಿದ್ರೆ?"

ಸಾಹುಕಾರರಿಗೆ ಆಗಲೇ ಹತ್ತಿ ಅಂಡಿಗೆಗಳ ಕಡೆ ಕೆಲಸ ನೆನಪಾಗಿತ್ತು. ಬುದ್ಧಿವಂತರಿಗೆ ಯಾವಾಗಲೂ ಸರಿಯಾದ ಹೊತ್ತಿಗೆ ಕೆಲಸ ನೆನಪಾಗುತ್ತದೆ.

ನವಂಬರು ೧೦, ಬುಧವಾರ

ಪಿಸ್ತೂಲು ಇಡಲು ಸಾಹುಕಾರರು ಚರ್ಮದ ಚೀಲ ಕೊಟ್ಟಿದ್ದರು. ಎದೆಯ ಮೇಲೆ ಲಿಂಗ, ಅದಕ್ಕೆ ತಗಲುವ ಹಾಗೆ ಚರ್ಮ! ಅವರು ತಾವೇ ಹಾಕಿಕೊಳ್ಳುವುದಾದರೆ ಕೊಡುತ್ತಿದ್ದರೇ? ಶಿವಗಂಗಮ್ಮ ಹಳೆಯ ಕಂಬಳಿ ಹರಿದು ಚೀಲ ಹೊಲಿದಳು. ಹೊಲಿಗೆ ಸೊಟ್ಟ. ಪಿಸ್ತೂಲು ಕರಡಿಗೆಯ ಪಕ್ಕದಲ್ಲೇ ಕೂತಿತು, ಪರವಾನಗಿ ಕಾಗದವನ್ನೂ ಅದೇ ಚೀಲಕ್ಕೆ ತುರುಕಿದೆ. ಎಲ್ಲ ಒಂದೇ ಕಡೆ ಇದ್ದರೆ ಹುಡುಕುವ ಕಷ್ಟ ಇರುವುದಿಲ್ಲ. ಇಷ್ಟು ಯೋಚನೆ ಸಾಹುಕಾರರಿಗೆ ಬಂದಿತ್ತೇ? ಕೂಲಿಮಠದಲ್ಲಿ ಅಯ್ಯನವರ ಬೆತ್ತಕ್ಕೆ ಹೆದರಿ ನಾನು ಓದು ಬಿಡದೇ ಇದ್ದಿದ್ದರೆ ಇವತ್ತು ಎಲ್ಲಿರುತ್ತಿದ್ದೆ.

ನವಂಬರು ೧೬, ಮಂಗಳವಾರ

ಅಕ್ಷರ ಸೊಟ್ಟಗಾದರೆ ಆಗಲಿ, ಇವತ್ತಿನದನ್ನು ಇವತ್ತೇ ಬರೆಯುತ್ತೇನೆ.

ಹೊಳಲ್ಕೆರೆ ದಾರಿಯಲ್ಲಿ ಹೊಸದಾಗಿ ಪೊಲೀಸು ಚೌಕಿ ಹಾಕಿದ್ದಾರೆ. ಆ ದರೋಡೆಯ ಬಂದೂಕು ಹುಡುಕಲಿಕ್ಕಂತೆ. ಎರಡು ಕಂಬ, ಮೇಲೊಂದು ಗರಿಯ ಚಪ್ಪರ, ಕೆಳಗೆ ಇಬ್ಬರು. ದಫೇದಾರನಿಗೆ ಮೀಸೆ ಇದೆ, ಜವಾನನಿಗೆ ಬಂದೂಕು ಇದೆ. ಬುದ್ಧಿ ಇಬ್ಬರಲ್ಲಿ ಯಾರ ಹತ್ತಿರ ಇತ್ತೋ ನನಗೆ ಕಾಣಲಿಲ್ಲ.

"ಏಯ್, ನಿಲ್ಸೋ ಗಾಡಿ! ಏನೈತೆ ಅದ್ರಾಗೆ?"

ಗಾಡಿ ಹೊಡೆಯುವ ಕರಿಸಿದ್ದಪ್ಪ ಎತ್ತು ನಿಲ್ಲಿಸಿ, "ಹತ್ತಿ ಸ್ವಾಮಿ" ಎಂದ.

"ಹತ್ತಿ ನಂಗೂ ಕಾಣ್ತೈತೆ. ಹತ್ತಿ ಒಳಗೇನೈತೆ?"

"ಹತ್ತಿ ಒಳಗೆ ಹತ್ತಿಬೀಜ ಐತೆ ಸ್ವಾಮಿ."

ಕುರಿ ಹಿಂಡಿನ ಹಿಂದೆ ಬೆಳೆದವನಿಗೆ ಸರ್ಕಾರದ ಮುಂದೆ ಹೇಗೆ ಮಾತಾಡಬೇಕೆಂಬುದು ಎಲ್ಲಿಂದ ಬರಬೇಕು. ದಫೇದಾರನ ಮೀಸೆ ಕುಣಿಯಿತು. "ಮಸ್ಕಿರಿ ಮಾಡ್ತೀಯೇನಲೇ? ಬಂದೂಕ ಗಿಂದೂಕ ಐತೇನ್ರೋ?" ಎಂದು ನನ್ನ ಕಡೆ ತಿರುಗಿದ.

ನಾನು ಏನು ಮಾಡಿದೆ? ಏನೂ ಮಾಡಲಿಲ್ಲ. ಹೆದರಿಕೆಯಾದಾಗ ನಮ್ಮ ಮನೆತನದವರು ಮುತ್ತಜ್ಜನ ಕಾಲದಿಂದ ಮಾಡುತ್ತ ಬಂದದ್ದನ್ನೇ ಮಾಡಿದೆ. ಕೈ ತಾನಾಗಿ ಅಂಗಿಯೊಳಗೆ ಹೋಗಿ ಎದೆಯ ಮೇಲಿನ ಕರಡಿಗೆ ಹಿಡಿಯಿತು. ಶಿವಾ ಅಂದೆ. ಸಿಡಿಲು ಹೊಡೆದರೂ ಹೀಗೇ, ಹಾವು ಕಂಡರೂ ಹೀಗೇ. ಆದರೆ ಅಂಗಿಯ ಸಂದಿನಲ್ಲಿ ಆ ದರಿದ್ರ ಪಿಸ್ತೂಲಿನ ಹಿಡಿ ಇಣುಕಿತಂತೆ.

"ಪಿಸ್ತೂಲ್! ಪಿಸ್ತೂಲ್!" ಎಂದು ಜವಾನ ಕಿರುಚಿ ಬಂದೂಕನ್ನು ನನ್ನ ಮುಖಕ್ಕೆ ಹಿಡಿದ. ಎತ್ತು ಬೆದರಿದವು. ಅವನ್ನು ಹಿಡಿಯಲು ಕರಿಸಿದ್ದಪ್ಪ ಕೆಳಗೆ ಹಾರಿದ. ಅವನು ತನ್ನ ಮೇಲೇ ಹಾರಿದನೆಂದು ತಿಳಿದು ಜವಾನ ಬಂದೂಕಿನ ಹಿಂಭಾಗದಿಂದ ಅವನ ಭುಜಕ್ಕೆ ಬಾರಿಸಿದ.

"ಪರವಾನಗಿ ಐತೆ ಸ್ವಾಮಿ, ಪರವಾನಗಿ ಐತೆ!" ಎಂದು ಕೂಗಿಕೊಂಡೆ.

"ಎಲ್ಲೈತಲೇ?"

"ಪಿಸ್ತೂಲಿನ ಜೊತೆಗೇ ಐತೆ, ತಗೀಲಾ?"

"ಕೈ ಅಲ್ಲಾಡ್ಸಿದ್ರೆ ಸುಟ್ಬಿಡ್ತೀನಿ!"

"ಮತ್ತೆ ತೋರ್ಸೋದು ಹೆಂಗೆ ಸ್ವಾಮಿ?"

ಕೊನೆಗೆ ನನ್ನನ್ನು ರಸ್ತೆಯಲ್ಲಿ ಬೋರಲು ಮಲಗಿಸಿ ಅವರೇ ಕಿತ್ತುಕೊಂಡರು. ಕಾಗದ ಓದಿ, ಪಿಸ್ತೂಲಿನ ಮೇಲಿನ ನಂಬರು ತಾಳೆ ನೋಡಿ, ವಾಪಸು ಕೊಟ್ಟರು. ಕೊಡುವಾಗ ದಫೇದಾರ ಹೇಳಿದ್ದು: "ನೋಡಯ್ಯಾ, ಕಾಗದ ಸರಿ ಐತೆ. ನೀನೇ ಸರಿ ಇಲ್ಲ. ಇನ್ನೊಂದು ಸಲ ನನ್ನ ಮುಂದೆ ಕೈ ಎದೆಗೆ ಹೋತು ಅಂದ್ರೆ, ಹಿಡ್ಕಂಡಿದ್ದು ಲಿಂಗಾನೋ ಪಿಸ್ತೂಲೋ ಅಂತ ಆಮೇಲೆ ನೋಡ್ತೀನಿ. ಮೊದ್ಲು ಸುಡೋದೇಯ."

ನವಂಬರು ೧೭, ಬುಧವಾರ

ಕರಿಸಿದ್ದಪ್ಪನ ಭುಜ ಊದಿಕೊಂಡಿದೆ, ಕೈ ಮೇಲೇಳುವುದಿಲ್ಲ. ಅವನಿಗೆ ಇಳಿ ಎಂದವರು ಯಾರು? ಮನೆಯಲ್ಲಿ ಹೀಗೆಂದರೆ ಶಿವಗಂಗಮ್ಮ, "ಎತ್ತು ಓಡಿದ್ರೆ ಗಾಡಿ ಮಗುಚಿ ನಿಮ್ ಮೇಲೇ ಬೀಳ್ತಿತ್ತು, ಆಗ ಇಳೀ ಅಂತಿದ್ರಿ" ಎಂದಳು. ನೋಡದೆ ಇರುವವರಿಗೆ ಎಲ್ಲ ಚೆನ್ನಾಗಿ ಗೊತ್ತಿರುತ್ತದೆ.

ಸಾಹುಕಾರರ ಹತ್ತಿರ ಹೋಗಿ, ಈ ಪಿಸ್ತೂಲು ನನಗೆ ಬೇಡ ಎಂದೆ.

"ಕಾಗದದಾಗೆ ನಿನ್ನ ಹೆಸ್ರೈತಲ್ಲೋ. ಹೆಸ್ರು ಬದಲಾಯ್ಸೋಕೆ ಮತ್ತೆ ನಾನು ಕಚೇರಿ ಮೆಟ್ಲು ಸವೆಸ್ಲಾ? ಬ್ಯಾಡ ಅಂದ್ರೆ ಕೆಲ್ಸಾನೂ ಬ್ಯಾಡ ಅನ್ನು. ಬಲವಂತ ಇಲ್ಲ."

ಹೆರಿಗೆ ಬರುವ ಹೊತ್ತಿಗೆ ಕೆಲಸ ಬಿಡುವ ಗಂಡಸು ಯಾರು? ಬಲವಂತ ಇಲ್ಲ ಎನ್ನುವವರ ಬಲವಂತವೇ ಬಲವಂತ.

ಇದಕ್ಕಿಂತ ಕೆಟ್ಟದ್ದು ಮುಂದಿದೆ. ಬರುವ ತಿಂಗಳು ಶಿವಗಂಗಮ್ಮನಿಗೆ ಏಳನೇ ತಿಂಗಳ ಕುಬಸ. ಅದು ಮುಗಿಯುತ್ತಲೇ ಚೊಚ್ಚಲ ಹೆರಿಗೆಗೆ ತವರಿಗೆ ಕರೆದುಕೊಂಡು ಹೋಗಿ ಬಿಡಬೇಕು. ತವರು ಹೊಳಲ್ಕೆರೆ. ದಾರಿ ಅದೇ, ಚೌಕಿ ಅದೇ, ಮೀಸೆ ಅದೇ. ಸುತ್ತು ದಾರಿ ಇದೆ, ಆದರೆ ಬರೀ ಕಲ್ಲು ಹಳ್ಳ. ಏಳು ತಿಂಗಳ ಬಸುರಿಯನ್ನು ಅದರಲ್ಲಿ ಕುಲುಕಿಸಿದರೆ ಹೊಳಲ್ಕೆರೆ ಮುಟ್ಟುವ ಮುಂಚೆಯೇ ಹೆರುತ್ತಾಳೆ. ಸಾಹುಕಾರರು ಕಮಾನು ಗಾಡಿ ಕೊಡುತ್ತಾರಂತೆ, ದೊಡ್ಡ ಮನಸ್ಸು. ಆದರೆ ಅವಳನ್ನು ಇಳಿಸಿ ನಾನು ಹಾಗೇ ಸ್ಟೇಷನ್ನಿಗೆ ಹೋಗಿ ರೂಪಾಯಿ ಚೀಲ ತರಬೇಕಂತೆ. ಅಂದಮೇಲೆ ಪಿಸ್ತೂಲೂ ಗಾಡಿಯಲ್ಲಿ, ಹೆಂಡತಿಯೂ ಗಾಡಿಯಲ್ಲಿ.

ನನ್ನ ಕೈ ಆವತ್ತೂ ಎದೆಗೆ ಹೋದರೆ? ಆ ಜವಾನನಿಗೆ ಗುರಿ ಎಂಬುದು ಇರುವಂತೆ ಕಾಣಲಿಲ್ಲ. ನನಗೆ ಹೊಡೆಯಲು ಹೋಗಿ ನನ್ನ ಹಿಂದೆ ಕೂತವಳಿಗೆ ಹೊಡೆಯುತ್ತಾನೆ.

ನವಂಬರು ೨೧, ಭಾನುವಾರ

ಇದನ್ನು ಶಿವಗಂಗಮ್ಮನಿಗೆ ಹೇಳಬಾರದೆಂದಿದ್ದೆ. ಹೇಳಿಬಿಟ್ಟೆ. ಅಳುತ್ತಾಳೆಂದುಕೊಂಡರೆ ಒಲೆಯ ಹತ್ತಿರ ಹೋಗಿ ಊದುಗೊಳವೆ ಎತ್ತಿಕೊಂಡು ಬಂದಳು.

"ಕಟ್ಟೆ ಮೇಲೆ ಕುಂತ್ಕಳ್ರಿ. ಅದೇ ಗಾಡಿ."

"ನೀನ್ಯಾರು?"

"ನಾನು ದಫೇದಾರ."

ನಗು ಬಂತು. ಅಷ್ಟರಲ್ಲಿ ಅವಳು ಊದುಗೊಳವೆಯನ್ನು ನನ್ನ ಮೂಗಿಗೆ ಹಿಡಿದು, "ಲೇ ಗಾಡಿಯೋನೆ, ನಿಲ್ಸಲೇ!" ಎಂದು ಕೂಗಿದಳು. ಬೀದಿಯ ನಾಯಿ ಎದ್ದು ಓಡಿತು.

"ಏನೇ ಇದು, ಗಂಡನಿಗೆ ಲೇ ಅಂತೀಯಾ?"

"ದಫೇದಾರ ನಿಮಗೆ ರೀ ಅಂತಾನಾ? ಲೇ, ಬಂದೂಕೈತೇನಲೇ?"

ಕೈ ಎದೆಗೆ ಹೋಯಿತು. ಅವಳ ಊದುಗೊಳವೆಗೂ ಹೋಯಿತಲ್ಲ ಈ ಹಾಳು ಕೈ!

"ಸತ್ರಿ" ಎಂದಳು. "ಏಳ್ರಿ, ಇನ್ನೊಂದು ಸಲ."

ಸಂಜೆಯವರೆಗೂ ನನ್ನನ್ನು ಸಾಯಿಸಿದಳು. ಲೇ ಎನ್ನುವಾಗ ಅವಳ ಮುಖದಲ್ಲಿ ಒಂದು ಸಂತೋಷ ಕಂಡೆ, ಮದುವೆಯ ದಿನವೂ ಅಷ್ಟು ಕಂಡಿರಲಿಲ್ಲ. ಕೊನೆಗೆ ಕೂತು ಉಸಿರು ಬಿಡುತ್ತ ಹೇಳಿದಳು: "ಕೈಗೆ ಹಿಡಕಳಾಕೆ ಏನಾರ ಬೇಕು, ಅದಕ್ಕೇ ಎದೆಗೋಗ್ತೈತೆ. ಗಾಡಿ ನಿಲ್ಲೋಕೆ ಮುಂಚೇನೇ ಎರಡೂ ಕೈಯಾಗೂ ಮುಂದಿನ ಗೂಟ ಹಿಡ್ಕಂಬಿಡ್ರಿ, ಅವನಿಗೆ ಕಾಣಂಗೆ. ಶಿವಾ ಅನ್ನಾದು ಬಾಯಾಗೇ ಅನ್ರಿ. ಲಿಂಗ ಎಲ್ಲಿಗೂ ಓಡೋಗಲ್ಲ. ಅವ್ನು ಕೇಳೋ ಮುಂಚೆ ನೀವೇ ಹೇಳ್ಬಿಡ್ರಿ ಪಿಸ್ತೂಲೈತೆ ಅಂತ. ಅದು ಸೊಂಟಕ್ಕಿರ್ಲಿ, ಕಾಗದ ಬ್ಯಾರೆ ಕಡೀಗಿರ್ಲಿ."

"ಎಲ್ಲಿ?"

"ರುಮಾಲ್ನಾಗೆ."

ಇದೆಲ್ಲ ನನಗೂ ಹೊಳೆದಿತ್ತು. ಅವಳು ಮೊದಲು ಬಾಯಿ ಬಿಟ್ಟಳು, ಅಷ್ಟೇ. ಬಾಯಿಪಾಠಕ್ಕೆ ಒಂದು ಮಾತೂ ಕಟ್ಟಿಕೊಟ್ಟಳು, ಮರೆಯದಿರಲೆಂದು ಇಲ್ಲಿ ಬರೆಯುತ್ತೇನೆ: ಸ್ವಾಮಿ, ನನ್ ಹತ್ರ ಪರವಾನಗಿ ಇರೋ ಪಿಸ್ತೂಲೈತೆ. ಬಲಗಡೆ ಸೊಂಟದಾಗೈತೆ. ಕಾಗದ ರುಮಾಲ್ನಾಗೈತೆ. ಕೈ ಎರಡೂ ಗೂಟದ ಮೇಲವೆ. ನೀವು ಹೇಳೋಗಂಟ ಅಲ್ಲಾಡ್ಸಲ್ಲ.

ನವಂಬರು ೨೩, ಮಂಗಳವಾರ

ಊಟಕ್ಕೆ ಮುಂಚೆ ಸತ್ತೆ. ಊಟವಾದ ಮೇಲೂ ಸತ್ತೆ. ಕೈ ತೊಳೆಯುತ್ತಿದ್ದಾಗ ಹಿಂದಿನಿಂದ ಬಂದು ಲೇ ಎಂದಳು, ಆಗಲೂ ಸತ್ತೆ. ಇದು ಮೋಸ, ಕೈ ಒದ್ದೆಯಿತ್ತು.

ನವಂಬರು ೨೬, ಶುಕ್ರವಾರ

ಇವತ್ತು ಹತ್ತಿ ಗಾಡಿಯಲ್ಲಿ ಚೌಕಿ ದಾಟಿದೆ. ದೂರದಿಂದ ಚಪ್ಪರ ಕಂಡ ಕೂಡಲೇ ಗೂಟ ಹಿಡಿದುಕೊಂಡೆ. ಬಹಳ ಬೇಗ ಹಿಡಿದುಕೊಂಡೆನೆಂದು ಕಾಣುತ್ತದೆ, ಅಲ್ಲಿ ಮುಟ್ಟುವುದರೊಳಗೆ ಬೆರಳು ಜೋಮು ಹಿಡಿದಿದ್ದವು. ಕರಿಸಿದ್ದಪ್ಪ ಓರೆಗಣ್ಣಲ್ಲಿ ನೋಡಿ, "ಮುರುಗಪ್ನೋರೆ, ಗಾಡಿ ಹಾರೋಗಲ್ಲ ಬಿಡ್ರಿ" ಎಂದ.

ದಫೇದಾರ ಎದುರಿಗೆ ಬಂದ. ನಾನು ಬಾಯಿ ತೆರೆದೆ. "ಸ್ವಾಮಿ, ನನ್ ರುಮಾಲ್ನಾಗೆ ಪಿಸ್ತೂಲೈತೆ" ಎಂದುಬಿಟ್ಟೆ.

ಜವಾನ ಬಂದೂಕನ್ನು ನೇರ ನನ್ನ ತಲೆಗೆ ಹಿಡಿದ. ಆದರೆ ಕೈ ಗೂಟ ಬಿಡಲಿಲ್ಲ. ಜೋಮು ಹಿಡಿದಿದ್ದರಿಂದ ಇರಬೇಕು. "ಅಲ್ಲ ಸ್ವಾಮಿ, ತಪ್ಪಾತು. ಪಿಸ್ತೂಲು ಸೊಂಟದಾಗೈತೆ, ಬಲಗಡೆ. ರುಮಾಲ್ನಾಗಿರೋದು ಕಾಗದ. ನೀವೇ ತಕ್ಕಳ್ರಿ, ನಾನು ಅಲ್ಲಾಡಲ್ಲ" ಎಂದೆ.

ದಫೇದಾರ ರುಮಾಲಿಗೆ ಕೈ ಹಾಕಿ ಎಳೆದ. ಮದುವೆಯಲ್ಲಿ ಮಾವ ಕೊಟ್ಟ ರುಮಾಲು ಬಿಚ್ಚಿಕೊಂಡು ಧೂಳಿನಲ್ಲಿ ಬಿತ್ತು. ಬರಿ ತಲೆಯಲ್ಲಿ ಕೂತೆ. ಎತ್ತಿಕೊಳ್ಳಬೇಕೆಂದು ಕೈ ಎಷ್ಟು ತವಕಿಸಿತೋ! ಎತ್ತಿಕೊಳ್ಳಲಿಲ್ಲ. ದಫೇದಾರ ಕಾಗದ ನೋಡಿದ, ನನ್ನ ಕೈ ನೋಡಿದ, ಆಮೇಲೆ ತಾನೇ ಬಗ್ಗಿ ರುಮಾಲು ಎತ್ತಿ ಕೊಟ್ಟ. "ಹಿಂಗಿದ್ರೆ ನೀನೂ ಬದುಕ್ತೀಯ, ನಾವೂ ಬದುಕ್ತೀವಿ. ಹೋಗ್ರಿ" ಎಂದ. ಸರ್ಕಾರದ ಸಂಬಳ ತಿಂದು ಉಪದೇಶ ಬೇರೆ.

ಸ್ಟೇಷನ್ನಿನಲ್ಲಿ ಅಂಡಿಗೆಗಳನ್ನು ನಾನೇ ಇಳಿಸಿದೆ. ಕರಿಸಿದ್ದಪ್ಪನ ಭುಜ ಇನ್ನೂ ಏಳುವುದಿಲ್ಲ, ಅವನನ್ನು ಕಾಯುತ್ತ ಕೂತರೆ ಕತ್ತಲಾಗುತ್ತಿತ್ತು, ಅದಕ್ಕೆ. ಇಲ್ಲದಿದ್ದರೆ ನನಗೇಕೆ.

ಮನೆಗೆ ಬಂದು ಹೇಳಿದರೆ ರುಮಾಲಿನಲ್ಲಿ ಪಿಸ್ತೂಲು ಎಂಬ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಸುರಿ ಅಷ್ಟು ನಗಬಾರದೆಂದು ಗದರಿದೆ.

ಡಿಸೆಂಬರು ೪, ಶನಿವಾರ

ಸಾಹುಕಾರರ ಕಿವಿಗೆ ಬಿದ್ದಿದೆ. ನಾಲ್ಕು ಜನರ ಮುಂದೆ ಕರೆದರು. "ಏನಪ್ಪ, ರುಮಾಲಿಗೆ ಪೊಲೀಸ್ನೋನ ಕೈ ಹಾಕಿಸ್ಕಂಡ್ಯಂತೆ? ನಮ್ಮ ಅಂಗಡಿ ಮರ್ವಾದಿ ಏನಾತು? ಸಾಹುಕಾರ್ರ ಗಾಡಿ ಅಂತ ಜೋರಾಗಿ ಹೇಳಿದ್ರೆ ಬಿಡ್ತಿದ್ರು."

"ತಲೆ ಉಳೀತಲ್ರೀ. ರುಮಾಲು ಮತ್ತೆ ಸುತ್ಕಂಬೋದು. ಮುಂದಿನ ಸಲ ನೀವೇ ಬರ್ರಿ, ಜೋರಾಗಿ ಹೇಳಿ ತೋರ್ಸೀರಂತೆ" ಎಂದೆ.

ಅಂಗಡಿಯಲ್ಲಿ ಯಾರೋ ಕೆಮ್ಮಿದರು. ಸಾಹುಕಾರರಿಗೆ ಕೆಲಸ ನೆನಪಾಯಿತು. ನನಗೆ ಹಲ್ಲು ನೋಯುತ್ತಿತ್ತು ಅಂತ ಕಾಣುತ್ತದೆ, ಅದಕ್ಕೇ ಆ ಮಾತು ಬಾಯಿ ತಪ್ಪಿ ಬಂತು. ಹೊಗೆಸೊಪ್ಪು ಬಿಡಬೇಕು.

ಡಿಸೆಂಬರು ೧೦, ಶುಕ್ರವಾರ

ಕುಬಸ ಮುಗಿಯಿತು. ಹಸಿರು ಕುಬಸ, ಹಸಿರು ಬಳೆ. ಹೆಂಗಸರೆಲ್ಲ ಸೇರಿ ಹಾಡಿದ ಗದ್ದಲಕ್ಕೆ ತಲೆ ಸಿಡಿಯಿತು. ಸೋಮವಾರ ಬಸವಣ್ಣನ ದಿನ, ನಾವು ಎತ್ತು ಹೂಡುವುದಿಲ್ಲ. ಮಂಗಳವಾರ ಹೆಣ್ಣು ಮಕ್ಕಳನ್ನು ಕಳಿಸುವುದಿಲ್ಲ. ಬುಧವಾರ ಹೊರಡುವುದೆಂದು ಆಗಿದೆ.

ಗಂಗ ಈಗ ನಿಂತು ದಫೇದಾರನಾಗಲಾರಳು, ಕಾಲು ಊದಿವೆ. ಗೋಡೆಗೆ ಒರಗಿ ಕೂತೇ ಲೇ ಎನ್ನುತ್ತಾಳೆ. ನಾನು ಸಾಯದೆ ನಾಲ್ಕು ದಿನವಾಯಿತು. "ನೀನು ಸುಸ್ತಾಗಿ ಮೆತ್ತಗೆ ಕೂಗ್ತೀಯ, ಅದಕ್ಕೆ" ಎಂದೆ. "ಇರಬೋದು ಬಿಡ್ರಿ" ಎಂದಳು.

ನಿನಗೆ ಹೆದರಿಕೆ ಇಲ್ಲವೇ ಎಂದು ಕೇಳಿದೆ. ಇಲ್ಲವಂತೆ. ದಿನವೂ ದಫೇದಾರನಾಗಿದ್ದವಳಿಗೆ ದಫೇದಾರನ ಭಯ ಎಲ್ಲಿಂದ ಬರಬೇಕು. ಹೆದರುವ ಕೆಲಸವೆಲ್ಲ ಈ ಮನೆಯಲ್ಲಿ ನನ್ನೊಬ್ಬನದೇ. ಪರವಾನಗಿ ರುಮಾಲಿನಲ್ಲಿದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡಿದೆ. ಗಾಡಿಯಲ್ಲಿ ಅವಳ ಬೆನ್ನಿಗೆ ಹತ್ತಿ ತುಂಬಿದ ದಿಂಬು ಇಡಬೇಕು, ಮೂರು. ಗುಂಡು ಹತ್ತಿಯಲ್ಲಿ ಎಷ್ಟು ದೂರ ಹೋಗುತ್ತದೋ ಯಾರನ್ನು ಕೇಳುವುದು?

ಡಿಸೆಂಬರು ೧೫, ಬುಧವಾರ. ಹೊಳಲ್ಕೆರೆ

ಬಂದು ಮುಟ್ಟಿದೆವು. ಎಲ್ಲರೂ ಇದ್ದೇವೆ.

ಚೌಕಿ ಕಂಡಾಗ ಗೂಟ ಹಿಡಿದೆ, ಹೊತ್ತಿಗೆ ಸರಿಯಾಗಿ. ದಫೇದಾರ ಬಂದ. ನಾನೇ ಮೊದಲು ಹೇಳಿದೆ, ಒಂದು ಅಕ್ಷರ ತಪ್ಪಲಿಲ್ಲ: ಪಿಸ್ತೂಲು ಸೊಂಟದಲ್ಲಿ, ಕಾಗದ ರುಮಾಲಿನಲ್ಲಿ, ಕೈ ಗೂಟದ ಮೇಲೆ. "ಒಳಗೆ ನನ್ ಹೆಂಡ್ತಿ ಅವ್ಳೆ, ಬಸುರಿ, ತವರಿಗೆ ಹೊಂಟಾಳೆ" ಎಂದೂ ಸೇರಿಸಿದೆ. ದಫೇದಾರ ಹೂಂಗುಟ್ಟಿ, ರುಮಾಲಿನ ಮಡಿಕೆಯಿಂದ ಕಾಗದವನ್ನಷ್ಟೇ ಎರಡು ಬೆರಳಲ್ಲಿ ಎಳೆದುಕೊಂಡ. ರುಮಾಲು ಬಿಚ್ಚಲಿಲ್ಲ. ಕಲಿತಿದ್ದಾನೆ.

ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಆ ಜವಾನ ಗಾಡಿಯ ಹಿಂದಕ್ಕೆ ಹೋಗಿ ಬಂದೂಕಿನ ಮೂತಿಯಿಂದಲೇ ಪರದೆ ಎತ್ತಿದ. ಕೈ ಇರಲಿಲ್ಲವೇ ಅವನಿಗೆ? ಗಂಗ ಯಥಾಪ್ರಕಾರ ನಿದ್ದೆ ಮಾಡುತ್ತಿದ್ದಳು. ಕಣ್ಣು ಬಿಟ್ಟರೆ ಮುಖದ ಮುಂದೆ ಕಬ್ಬಿಣ. ಅವಳ ಕೈ ಸರ್ರನೆ ಸೆರಗಿನೊಳಗೆ ಹೋಯಿತು, ಎದೆಗೆ. ಅವಳಿಗೂ ಕೊರಳಲ್ಲಿ ಲಿಂಗ ಇದೆ. ಹುಟ್ಟಿದಾಗಿನಿಂದ ಇದೆ. ಇಷ್ಟು ದಿನ ನಾವಿಬ್ಬರೂ ಅದನ್ನು ಯೋಚಿಸಿಯೇ ಇರಲಿಲ್ಲ.

"ಕೈ! ಕೈ ತಗಿ! ಸುಡ್ತೀನಿ!" ಎಂದು ಅವನು ಕಿರುಚಿದ. ಅವಳು ತೆಗೆಯಲಿಲ್ಲ. ತೆಗೆಯಲು ಬರುವುದಿಲ್ಲ, ನನಗೆ ಗೊತ್ತು.

ಆಮೇಲಿನದು ಸರಿಯಾಗಿ ನೆನಪಿಲ್ಲ. ನಾನು ಗೂಟ ಬಿಡಲಿಲ್ಲ, ಅಂಗೈಯಲ್ಲಿ ಸಿಬಿರು ಸೇರಿಕೊಂಡಿದೆ, ಅದೇ ಸಾಕ್ಷಿ. ಏನೋ ಕೂಗಿದೆ. ಲಿಂಗ, ಲಿಂಗ ಎಂದದ್ದು ನೆನಪಿದೆ. ಜವಾನನ ಬಂದೂಕು ನನ್ನ ಕಡೆ ತಿರುಗಿದ್ದು ನೆನಪಿದೆ, ಯಾಕೆ ತಿರುಗಿತೋ ಗೊತ್ತಿಲ್ಲ. ದಫೇದಾರ ಓಡಿ ಬಂದು ಅದರ ಮೂತಿಯನ್ನು ಕೈಯಲ್ಲಿ ಆಕಾಶಕ್ಕೆ ಎತ್ತಿ, "ಇಳ್ಸಲೇ ಕತ್ತೆ! ಅಮ್ಮಾರು ಲಿಂಗ ಹಿಡ್ಕಂಡವ್ರೆ, ಕಣ್ ಕಾಣಾಕಿಲ್ವಾ?" ಎಂದ. ಬಂದೂಕು ಹಾರಲಿಲ್ಲ. ದಫೇದಾರ ಅದನ್ನು ಕಿತ್ತುಕೊಂಡು ಚಪ್ಪರದ ಕಂಬಕ್ಕೆ ಒರಗಿಸಿದ. ಜವಾನ ರಸ್ತೆಯ ಪಕ್ಕ ಕುಕ್ಕುರುಗಾಲಲ್ಲಿ ಕೂತು ವಾಂತಿ ಮಾಡಿಕೊಂಡ. ಇಂಥವರ ಕೈಗೆ ಬಂದೂಕು ಕೊಟ್ಟಿದ್ದಾರೆ. ಅವನಿಗೆ ನಮ್ಮ ಚೊಂಬಿನ ನೀರು ಕೊಡುವಂತೆ ಕರಿಸಿದ್ದಪ್ಪನಿಗೆ ಹೇಳಿದೆ, ವಾಸನೆ ತಡೆಯಲಾರದೆ.

ದಫೇದಾರ ಕಾಗದವನ್ನು ತಾನೇ ರುಮಾಲಿನ ಮಡಿಕೆಗೆ ಸಿಕ್ಕಿಸಿ, "ಹೋಗ್ಬರ್ರಿ" ಎಂದ. ರ್ರಿ ಎಂದ. ನಾನು ಗುರುತಿಸಿಕೊಂಡೆ.

ಚೌಕಿ ಕಣ್ಮರೆಯಾದ ಮೇಲೆ ಪರದೆ ಸರಿಸಿ ನೋಡಿದೆ. ಅವಳ ಕೈ ಇನ್ನೂ ಎದೆಯ ಮೇಲೇ ಇತ್ತು. ನನಗೆ ದಿನಾ ಪಾಠ ಹೇಳಿದವಳು! ನೀನು ಸತ್ತೆ ಎನ್ನಬೇಕಿತ್ತು ಅವಳಿಗೆ, ನನಗೆ ಅಂದ ಹಾಗೆ. ದಿಂಬು ಸರಿಮಾಡಿದೆ.

ಡಿಸೆಂಬರು ೧೬, ಗುರುವಾರ. ಹೊಳಲ್ಕೆರೆ

ಸ್ಟೇಷನ್ನಿಗೆ ಹೊರಡಬೇಕು, ಅತ್ತೆ ಬಸಮ್ಮ ಬಿಡುತ್ತಿಲ್ಲ. ಬೆಳಗಿನಿಂದ ತಟ್ಟೆಗೆ ತುಪ್ಪ ಸುರಿಯುತ್ತಲೇ ಇದ್ದಾರೆ. ಮದುವೆಯಾದಾಗಿನಿಂದ ಈ ಮನೆಯಲ್ಲಿ ನನಗೆ ಇಷ್ಟು ತುಪ್ಪ ಬಿದ್ದಿರಲಿಲ್ಲ. ಏನೋ ಇರಬೇಕೆಂದುಕೊಂಡೆ. ಅಡಿಗೆಮನೆಯಲ್ಲಿ ಗಂಗ ಹೇಳುತ್ತಿದ್ದುದು ಕಿವಿಗೆ ಬಿತ್ತು.

"ಅವ್ವಾ, ನಿನ್ ಅಳಿಯ ಏನಂದ್ರು ಗೊತ್ತಾ? 'ಆ ಕಡೆ ಅಲ್ಲ ಕಣೋ, ಅವಳ ಹತ್ರ ಇರೋದು ಲಿಂಗ! ಪಿಸ್ತೂಲಿರೋನು ನಾನು. ಈ ಕಡೆ ತಿರುಗ್ಸು ಬಂದೂಕ, ನನ್ ಕಡೆ ತಿರುಗ್ಸು!' ಅಂತ ಕೂಗಿದ್ರು. ಅವ್ನು ತಿರುಗ್ಸೇ ಬಿಟ್ಟ. ಇವ್ರು ಅಲ್ಲಾಡ್ಲಿಲ್ಲ ನೋಡು."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮತ್ತೆ ತುಪ್ಪ ಬಂತು.

ಹೆಂಗಸರು ಸೇರಿದರೆ ಕಥೆ ಬೆಳೆಯುತ್ತದೆ. ಬಂದೂಕನ್ನು ನನ್ನ ಕಡೆ ತಿರುಗಿಸು ಎಂದು ಬುದ್ಧಿ ನೆಟ್ಟಗಿರುವ ಯಾರಾದರೂ ಕೇಳುತ್ತಾರೆಯೇ? ನಾನು ಊದುಗೊಳವೆಗೆ ಹೆದರುವವನು. ಅವಳು ಆಗಷ್ಟೇ ನಿದ್ದೆಯಿಂದ ಎದ್ದವಳು, ಅರ್ಧ ಕನಸಿನಲ್ಲಿ ಕೇಳಿರಬೇಕು. ಊರೆಲ್ಲ ಇದನ್ನು ಹೇಳಿಬಿಟ್ಟರೆ ಸಾಹುಕಾರರು ನಾಳೆ ಎರಡು ಪಿಸ್ತೂಲು ಹೊರಿಸುತ್ತಾರೆ.

ಅಂಗಳಕ್ಕೆ ಬಂದೆ. ಕರಿಸಿದ್ದಪ್ಪ ಎತ್ತು ಹೂಡುತ್ತಿದ್ದ, ಎಡಗೈಯಿಂದಲೇ. ನೊಗದ ಇನ್ನೊಂದು ಕಡೆ ನಾನು ಹಿಡಿದುಕೊಂಡು ಕೇಳಿದೆ.

"ಹೂಂ ಕಣ್ರಿ, ಹಂಗೇ ಅಂದ್ರಿ. ಈ ಕಡೆ ತಿರುಗ್ಸು ಅಂದ್ರಿ. ನಾನು ಎತ್ತಿನ ಮೂಗುದಾರ ಹಿಡ್ಕಂಡು ಅಲ್ಲೇ ಇದ್ನಲ್ಲ."

ಇವನಿಗೂ ಬೆಳಗ್ಗೆ ತುಪ್ಪ ಬಿದ್ದಿದೆ, ಇವನು ಅವರ ಪಕ್ಷ.

"ಥೂ, ಸರಿಯಾಗಿ ಯೋಚ್ನೆ ಮಾಡಿ ಹೇಳೋ. ಈ ಕಡೆ ಅಂದ್ನೋ, ಆ ಕಡೆ ಅಂದ್ನೋ? ನೀನು ಎತ್ತಿನ ಗಲಾಟೆಯಾಗಿದ್ದೆ. ಗಾಡಿ ಹೊರಡ್ಲಿ, ದಾರಿಯಾಗೆ ನಿಧಾನಕ್ಕೆ ನೆನಪು ಮಾಡ್ಕಂಡು, ಅದೊಂದು ಮಾತು ಮಾತ್ರ, ಇನ್ನೊಂದು ಸಲ ಹೇಳು ನಂಗೆ."